ತುಂಬಿದ ಹಳ್ಳದ ಮುಂದೆ ತಡೆದ ವಾಹನ: ಮಳೆಗಾಲದ ಪಯಣವೂ ಆರೋಗ್ಯರಕ್ಷಣೆಯೂ



ಮಳೆಗಾಲದ ಆರೋಗ್ಯವೆಂದರೆ ನೆಗಡಿ, ಕೆಮ್ಮು, ಜ್ವರ, ಅಜೀರ್ಣಗಳ ಮಾತೆಂದೇ ಬಹುಜನರ ಭಾವನೆ. ವರ್ಷಋತುವಿನಲ್ಲಿ ವಾತವು ಪ್ರಕೋಪಗೊಳ್ಳುವುದು, ಜಠರಾಗ್ನಿ ಮಂದವಾಗುವುದು, ಲಘುವಾದ ಬಿಸಿ ಆಹಾರವನ್ನು ಸೇವಿಸಬೇಕಾದುದು ಈ ಅಂಕಣದಲ್ಲಿ ಅನೇಕ ಬಾರಿ ಚರ್ಚಿತವಾಗಿವೆ. ಆದರೆ ಕ್ಷಣಮಾತ್ರದಲ್ಲಿ ಆರೋಗ್ಯವಂತನ ಪ್ರಾಣವನ್ನೇ ಹರಣ ಮಾಡುವ ಒಂದು ಅಪಾಯವು ಇದೇ ಋತುವಿನಲ್ಲಿ ನಮ್ಮ ದಾರಿಗಳ ಮೇಲೆ ಕಾದಿರುತ್ತದೆ. ಅದು ರಸ್ತೆಯ ಮೇಲೆ ಹರಿಯುವ ನೀರು. ಜ್ವರಕ್ಕೆ ಔಷಧವುಂಟು, ಪ್ರವಾಹದಲ್ಲಿ ಕೊಚ್ಚಿಹೋದವನಿಗೆ ಯಾವ ಪದ್ಧತಿಯಲ್ಲಿಯೂ ಚಿಕಿತ್ಸೆಯಿಲ್ಲ. ರೋಗ ಬಾರದಂತೆ ಕಾಯುವುದೇ ವೈದ್ಯಶಾಸ್ತ್ರದ ಮೊದಲ ಪ್ರಯೋಜನವಾದ್ದರಿಂದ, ನೆರೆನೀರಿನ ಮುಂದೆ ವಾಹನವನ್ನು ತಡೆದು ನಿಲ್ಲಿಸುವುದನ್ನೂ ಸ್ವಸ್ಥವೃತ್ತದ ಒಂದು ಭಾಗವೆಂದೇ ತಿಳಿಯಬೇಕು.

ನಮ್ಮ ಸೀಮೆಯ ಹೊಳೆಗಳ ಸ್ವಭಾವ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಬರಕ್ಕೆ ಹೆಸರಾದ ತಾಲ್ಲೂಕುಗಳು. “ನಮ್ಮಲ್ಲಿ ಕುಡಿಯುವುದಕ್ಕೇ ನೀರಿಲ್ಲ, ಪ್ರವಾಹವೆಲ್ಲಿ ಬರಬೇಕು?” ಎಂಬ ಮಾತು ಇಲ್ಲಿ ಸಹಜ. ಅಪಾಯದ ಮೂಲವೂ ಈ ಮಾತಿನಲ್ಲೇ ಅಡಗಿದೆ. ಮಲೆನಾಡಿನವರಿಗೆ ಹೊಳೆಯೊಡನೆ ನಿತ್ಯದ ಒಡನಾಟವಿದೆ. ಅದರ ಸಿಟ್ಟನ್ನು ಅವರು ಬಲ್ಲರು. ನಮ್ಮಲ್ಲಿ ಹತ್ತಾರು ವರ್ಷ ಒಣಗಿದ ಮರಳಿನಂತೆ ಬಿದ್ದಿರುವ ಹಳ್ಳವು ಒಂದು ರಾತ್ರಿ ಏಕಾಏಕಿ ಎದ್ದು ಹರಿಯುತ್ತದೆ. 2021ರ ಹಿಂಗಾರಿನಲ್ಲಿಯೂ 2022ರ ಮಳೆಗಾಲದಲ್ಲಿಯೂ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. ಕೆರೆಗಳು ಕೋಡಿ ಬಿದ್ದವು. ಜಯಮಂಗಲಿ, ಉತ್ತರ ಪಿನಾಕಿನಿಗಳು ತುಂಬಿ ಹರಿದವು. ನೀರನ್ನು ಕಂಡ ಸಂತೋಷದಲ್ಲಿ ನೀರಿನ ಭಯವನ್ನು ಮರೆಯುವುದು ಬಯಲುಸೀಮೆಯವರ ಸಹಜ ದೌರ್ಬಲ್ಯ.

ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಮಳೆ ಒಂದು ಕಡೆ, ನೀರು ಇನ್ನೊಂದು ಕಡೆ. ಜಯಮಂಗಲಿಯು ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು, ಹಿಂದೂಪುರಗಳ ಕಡೆಯಿಂದ ಹಾದು ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಮುಟ್ಟುತ್ತದೆ. ದೇವರಾಯನದುರ್ಗದಲ್ಲಿ ಸುರಿದ ಮಳೆಯ ನೀರು ಕೆಲವು ತಾಸುಗಳ ಬಳಿಕ ಮಧುಗಿರಿಯ ಹಳ್ಳಿಗಳ ಬಳಿ ಬಂದು ನಿಲ್ಲುತ್ತದೆ. ಆಗ ಇಲ್ಲಿ ಆಕಾಶ ತಿಳಿಯಾಗಿರಬಹುದು. “ಮಳೆ ನಿಂತಿದೆಯಲ್ಲ, ಹೋಗಬಹುದು” ಎಂಬ ತರ್ಕ ಹೊಳೆಯ ವಿಷಯದಲ್ಲಿ ಸಲ್ಲದು.

ಎರಡನೆಯದು, ಸರಣಿ ಕೆರೆಗಳು. ನಮ್ಮ ಹಿರಿಯರು ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಸೇರುವಂತೆ ಕಟ್ಟಿದರು. ಬರಗಾಲದಲ್ಲಿ ಇದು ಸಂಜೀವಿನಿ. ಆದರೆ ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಹಳ್ಳಕ್ಕೆ ನುಗ್ಗುತ್ತದೆ. ಶಿರಾ, ಕಳ್ಳಂಬೆಳ್ಳ, ಮದಲೂರಿನಂಥ ದೊಡ್ಡ ಕೆರೆಗಳ ಸೀಮೆಯಲ್ಲಿ ಕೋಡಿಹಳ್ಳವನ್ನು ಅಡ್ಡಹಾಯುವ ರಸ್ತೆಗಳು ಅನೇಕ. ಸೊಂಟದ ಕೆಳಗಿದ್ದ ನೀರು ನೋಡನೋಡುತ್ತಿದ್ದಂತೆ ಎದೆಯೆತ್ತರಕ್ಕೆ ಏರಬಹುದು.

ಮೂರನೆಯದು, ರಸ್ತೆಯ ರಚನೆ. ಅಪರೂಪಕ್ಕೆ ಹರಿಯುವ ಹಳ್ಳಕ್ಕೆ ಎತ್ತರದ ಸೇತುವೆ ಕಟ್ಟದೆ, ಹಳ್ಳದ ಮಟ್ಟದಲ್ಲಿಯೇ ಮುಳುಗುಸೇತುವೆ ಹಾಕಿರುವ ಕಡೆಗಳು ನಮ್ಮಲ್ಲಿ ಇನ್ನೂ ಇವೆ. ನೀರು ಅದರ ಮೇಲೆ ಹರಿಯಲಾರಂಭಿಸಿದರೆ ರಸ್ತೆಯ ಅಂಚು ಕಾಣದು. ಅಂಚಿನ ಮಣ್ಣು ಕೊರೆದುಹೋಗಿದ್ದರೂ ಕಾಣದು. ಮರಳು ತೆಗೆದ ಗುಂಡಿಗಳು ಪಕ್ಕದಲ್ಲೇ ಆಳಾಳವಾಗಿ ಬಾಯಿ ತೆರೆದಿರುತ್ತವೆ. ನಿನ್ನೆ ದಾಟಿದ ರಸ್ತೆ ಇಂದು ನೀರಿನ ಕೆಳಗೆ ಇದೆಯೆಂಬ ಭರವಸೆಯೇ ಇಲ್ಲ.

ನೀರಿನ ಬಲವೆಷ್ಟು?

ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ. ಚಿಕ್ಕ ಕಾರೊಂದರ ತಳದ ವಿಸ್ತೀರ್ಣ ಸುಮಾರು 5 ಚದರ ಮೀಟರ್ ಎಂದುಕೊಳ್ಳೋಣ. ಅದರ ತಳಕ್ಕಿಂತ ಮೇಲೆ ಕೇವಲ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ನೀರು ಏರಿದರೂ ಸಾಕು, ನೀರು ಸುಮಾರು 750 ಕಿಲೋಗ್ರಾಂ ಭಾರವನ್ನು ಮೇಲಕ್ಕೆತ್ತುತ್ತದೆ. ಚಿಕ್ಕ ಕಾರಿನ ತೂಕ ಅದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಕಾರಿನ ತಳವೇ ನೆಲದಿಂದ ಅರ್ಧ ಅಡಿಗಿಂತ ತುಸು ಎತ್ತರದಲ್ಲಿರುವುದರಿಂದ, ರಸ್ತೆಯ ಮೇಲೆ ಒಂದು ಅಡಿ ದಾಟಿದ ನೀರಿನಲ್ಲಿ ಚಕ್ರದ ಹಿಡಿತ ತಪ್ಪಿ ಕಾರು ದೋಣಿಯಂತಾಗುತ್ತದೆ. ಅದು ಚುಕ್ಕಾಣಿಯಿಲ್ಲದ ದೋಣಿ. ಎರಡು ಅಡಿ ಹರಿಯುವ ನೀರು ಜೀಪಿನಂಥ ದೊಡ್ಡ ವಾಹನಗಳನ್ನೂ ತಳ್ಳಬಲ್ಲುದು.

ಹರಿವಿನ ವೇಗ ಇಮ್ಮಡಿಯಾದರೆ ಅದರ ತಳ್ಳುಬಲ ನಾಲ್ಮಡಿಯಾಗುತ್ತದೆ. ಆದ್ದರಿಂದಲೇ ನಿಂತ ನೀರಿನ ಅನುಭವವನ್ನು ಹರಿಯುವ ನೀರಿಗೆ ಅನ್ವಯಿಸಲಾಗದು. ಟ್ರ್ಯಾಕ್ಟರಿನ ದೊಡ್ಡ ಚಕ್ರಗಳನ್ನು ನಂಬಿ ಟ್ರೈಲರಿನಲ್ಲಿ ಜನರನ್ನು ಕೂರಿಸಿಕೊಂಡು ಹಳ್ಳ ದಾಟಿಸುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಎಂಜಿನ್ನು ನೆಲವನ್ನು ಕಚ್ಚಿಕೊಂಡಿದ್ದರೂ ಹಿಂದಿನ ಟ್ರೈಲರ್ ನೀರಿನ ಒತ್ತಡಕ್ಕೆ ಅಡ್ಡ ತಿರುಗಿ ಎಲ್ಲವನ್ನೂ ಎಳೆದೊಯ್ಯುತ್ತದೆ. ದ್ವಿಚಕ್ರ ವಾಹನಕ್ಕಂತೂ ಮೊಣಕಾಲಿನವರೆಗಿನ ಹರಿವೂ ಬೇಕಾಗಿಲ್ಲ.

ಹರಿಯದ ನೀರೂ ನಿರಪಾಯವಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ಮಳೆನೀರಿಗೆ ಕಾರೊಂದು ಇಳಿದು ಸಿಲುಕಿತು. ಜೊತೆಗಿದ್ದವರನ್ನು ಮೇಲೆತ್ತಲಾಯಿತಾದರೂ ಒಬ್ಬ ತರುಣಿ ಪ್ರಾಣ ಕಳೆದುಕೊಂಡಳು. ಹಾಡಹಗಲಲ್ಲಿ, ರಾಜಧಾನಿಯ ನಡುವೆ, ವಿಧಾನಸೌಧದ ಸಮೀಪದಲ್ಲಿ ನಡೆದ ಘಟನೆಯಿದು. ಹೀಗಿರುವಾಗ ರಾತ್ರಿಯ ಕತ್ತಲಲ್ಲಿ, ಊರಾಚೆಯ ರೈಲ್ವೆ ಕೆಳಸೇತುವೆಯ ನೀರನ್ನು ಕೇವಲ ಅಂದಾಜಿನಿಂದ ಅಳೆಯುವುದು ಎಷ್ಟು ಸರಿ?

ಇದು ಪ್ರಜ್ಞಾಪರಾಧ

ಆಯುರ್ವೇದವು ರೋಗಕಾರಣಗಳಲ್ಲಿ ಪ್ರಜ್ಞಾಪರಾಧಕ್ಕೆ ಮಹತ್ತ್ವದ ಸ್ಥಾನವನ್ನು ಕೊಟ್ಟಿದೆ. ಧೀ ಎಂದರೆ ತಿಳಿವು, ಧೃತಿ ಎಂದರೆ ಮನಸ್ಸನ್ನು ತಡೆಯುವ ಶಕ್ತಿ, ಸ್ಮೃತಿ ಎಂದರೆ ನೆನಪು. ಈ ಮೂರೂ ಕೆಟ್ಟಾಗ ಮನುಷ್ಯನು ಮಾಡುವ ತಪ್ಪು ಕಾರ್ಯವನ್ನು ಚರಕಾಚಾರ್ಯರು ಪ್ರಜ್ಞಾಪರಾಧವೆಂದು ಕರೆದಿದ್ದಾರೆ. ತುಂಬಿದ ಹಳ್ಳದ ಮುಂದೆ ನಿಂತ ಸವಾರನಲ್ಲಿ ಈ ಮೂರರ ಪತನವನ್ನೂ ಕಾಣಬಹುದು. ನೀರಿನ ಆಳ ಗೊತ್ತಿಲ್ಲದಿದ್ದರೂ ಗೊತ್ತಿದೆಯೆಂದು ಭ್ರಮಿಸುವುದು ಧೀಭ್ರಂಶ. ಅಪಾಯವೆಂದು ತಿಳಿದೂ, ಮನೆ ಹತ್ತಿರವಿದೆಯೆಂಬ ಆತುರಕ್ಕೆ ಸೋಲುವುದು ಧೃತಿಭ್ರಂಶ. ಕಳೆದ ವರ್ಷ ಇದೇ ಹಳ್ಳದಲ್ಲಿ ನಡೆದುದನ್ನು ಮರೆಯುವುದು ಸ್ಮೃತಿಭ್ರಂಶ.

ಹಸಿವು, ನಿದ್ರೆ, ಮಲಮೂತ್ರಾದಿ ಸಹಜ ವೇಗಗಳನ್ನು ತಡೆಯಬಾರದೆಂದು ಹೇಳಿದ ಚರಕಸಂಹಿತೆಯೇ, ತಡೆಯಲೇಬೇಕಾದ ವೇಗಗಳಲ್ಲಿ ದುಡುಕಿನ ಸಾಹಸವನ್ನು ಎಣಿಸಿದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಹಲ್ಲುಜ್ಜುವುದು, ಎಣ್ಣೆಸ್ನಾನ, ವ್ಯಾಯಾಮಗಳ ಜೊತೆಯಲ್ಲಿಯೇ, ತೋಳುಗಳಿಂದ ಈಜಿ ನದಿಯನ್ನು ದಾಟಬಾರದೆಂದೂ ಸಂದೇಹಾಸ್ಪದವಾದ ದೋಣಿಯನ್ನು, ಕೆಟ್ಟ ವಾಹನವನ್ನು ಏರಬಾರದೆಂದೂ ವಿಧಿಸಿದ್ದಾರೆ. ಪ್ರಾಣವನ್ನು ಸಂದೇಹಕ್ಕೆ ಒಡ್ಡಬಾರದೆಂಬುದು ಆ ವಿಧಿಯ ಸಾರ. ದೋಣಿಯ ಬದಲು ಇಂದು ಕಾರು, ಮೋಟಾರ್ ಸೈಕಲ್ ಬಂದಿವೆ, ವಿಧಿ ಬದಲಾಗಿಲ್ಲ.

ಒಬ್ಬರು ದಾಟಿದರೆ ಹಿಂದಿನವರೆಲ್ಲ ದಾಟತೊಡಗುವುದು ಇನ್ನೊಂದು ಭ್ರಮೆ. ಮುಂದೆ ಹೋದ ಬಸ್ಸಿನ ಎತ್ತರ, ತೂಕಗಳು ಬೇರೆ. ಅದು ದಾಟಿದ ಹತ್ತು ನಿಮಿಷಗಳಲ್ಲಿ ನೀರಿನ ಮಟ್ಟವೂ ಬೇರೆ.

ಹೊರಡುವ ಮುನ್ನ, ದಾರಿಯಲ್ಲಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರಿನಿಂದ ಮೇಲ್ಪಟ್ಟುದು ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ ಮಳೆ. ವರ್ಷವಿಡೀ ಆರೇಳುನೂರು ಮಿಲಿಮೀಟರ್ ಕಾಣುವ ನಮ್ಮ ನೆಲಕ್ಕೆ ಒಂದೇ ದಿನದಲ್ಲಿ ನೂರು ಮಿಲಿಮೀಟರ್ ಸುರಿದರೆ ಅದನ್ನು ಅರಗಿಸಿಕೊಳ್ಳುವ ಶಕ್ತಿಯಿಲ್ಲ. ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದ ದಿನ ಅನಿವಾರ್ಯವಲ್ಲದ ಪಯಣವನ್ನು ಮುಂದೂಡುವುದು ಕ್ಷೇಮ. ಹಸ್ತಾ, ಚಿತ್ತಾ, ಸ್ವಾತಿ ಮಳೆಗಳ ಕಾಲದಲ್ಲಿ ಸಂಜೆಯ ಮೇಲೆ ಹಳ್ಳದ ದಾರಿಗಳನ್ನು ಬಿಟ್ಟು, ಬಳಸಾದರೂ ಸೇತುವೆಯಿರುವ ಹೆದ್ದಾರಿಯನ್ನು ಹಿಡಿಯಬೇಕು. ಹೊರಡುವ ಮೊದಲು ಆ ದಾರಿಯ ಊರಿನ ಪರಿಚಯಸ್ಥರಿಗೆ ಒಂದು ಕರೆ ಮಾಡಿ ವಿಚಾರಿಸಿರಿ. ಮೊಬೈಲಿನ ನಕ್ಷೆಗೆ ಹತ್ತಿರದ ದಾರಿ ತಿಳಿದಿರುತ್ತದೆ. ಹಳ್ಳ ಬಂದಿರುವುದು ತಿಳಿದಿರಬೇಕೆಂದಿಲ್ಲ.

ದಾರಿಯಲ್ಲಿ ನೀರು ಎದುರಾದರೆ ಪಾಲಿಸಬೇಕಾದ ಕ್ರಮವಿದು:

1. ಹರಿಯುವ ನೀರು ಎಷ್ಟೇ ಕಡಿಮೆ ಕಂಡರೂ ದಾಟಬಾರದು. ವಾಹನವನ್ನು ತಿರುಗಿಸಿ ಎತ್ತರದ ಸ್ಥಳದಲ್ಲಿ ನಿಲ್ಲಿಸಬೇಕು. ಇದಕ್ಕೆ ವಿನಾಯಿತಿಯಿಲ್ಲ.

2. ನಿಂತ ನೀರಾದರೂ ರಸ್ತೆಯ ಅಂಚು ಕಾಣದಿದ್ದರೆ, ಕತ್ತಲಾಗಿದ್ದರೆ, ಆಳ ತಿಳಿಯದಿದ್ದರೆ ಇಳಿಯಬಾರದು. ಅರ್ಧ ಅಡಿಗಿಂತ ಹೆಚ್ಚಿನ ನೀರು ಕಾರಿಗೆ ಸಲ್ಲದು.

3. ಅದಕ್ಕಿಂತ ಕಡಿಮೆ ನಿಂತ ನೀರಿನಲ್ಲಿ ಹೋಗುವಾಗ ಮೊದಲ ಗೇರಿನಲ್ಲಿ, ಒಂದೇ ನಿಧಾನಗತಿಯಲ್ಲಿ, ರಸ್ತೆಯ ನಡುವೆ ಸಾಗಬೇಕು. ಎದುರಿನ ವಾಹನ ದಾಟಿ ಮುಗಿಯುವವರೆಗೆ ಕಾಯಬೇಕು. ಪಾದಚಾರಿಗಳ ಮೇಲೆ ನೀರು ಎರಚುವಂತೆ ಓಡಿಸುವುದು ಅನಾಗರಿಕ.

4. ನೀರಿನಿಂದ ಹೊರಬಂದ ಮೇಲೆ ಬ್ರೇಕನ್ನು ಎರಡು ಮೂರು ಬಾರಿ ಮೆಲ್ಲಗೆ ಒತ್ತಿ ಪರೀಕ್ಷಿಸಬೇಕು. ನೆನೆದ ಬ್ರೇಕು ಹಿಡಿಯದು.

5. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬಾರದು. ನೀರು ಒಳಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದರೆ ಅದು ಪೂರ್ತಿ ಹಾಳಾಗುತ್ತದೆ. ಸಾಮಾನ್ಯ ವಿಮೆಯಲ್ಲಿ ಅಂಥ ಹಾನಿಗೆ ಪರಿಹಾರ ಬಹುತೇಕ ಸಿಗುವುದಿಲ್ಲ. ಮೂರನೆಯವರ ವಿಮೆ ಮಾತ್ರವಿದ್ದರೆ ನಿಮ್ಮ ವಾಹನಕ್ಕೆ ನೆರೆಯಿಂದಾದ ಯಾವ ನಷ್ಟವೂ ಭರ್ತಿಯಾಗದು.

6. ವಿದ್ಯುತ್ ಕಂಬ ವಾಲಿದ್ದರೆ, ತಂತಿ ನೀರಿಗೆ ಬಿದ್ದಿದ್ದರೆ ದೂರದಲ್ಲಿಯೇ ನಿಂತು ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು.

ಕಾನೂನು ಹೇಳುವುದೇನು?

“ನನ್ನ ಗಾಡಿ, ನನ್ನ ಜೀವ, ಕೇಳುವವರಾರು?” ಎಂಬ ಮಾತಿಗೆ ಕಾನೂನಿನಲ್ಲಿ ಎಡೆಯಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೆಯ ಕಲಮಿನಂತೆ, ಅಪಾಯದ ಪ್ರದೇಶದಲ್ಲಿ ವಾಹನ ಸಂಚಾರವನ್ನು ನಿಯಂತ್ರಿಸುವ, ನಿರ್ಬಂಧಿಸುವ ಅಧಿಕಾರ ಜಿಲ್ಲಾ ಪ್ರಾಧಿಕಾರಕ್ಕಿದೆ. ಸಕಾರಣವಿಲ್ಲದೆ ಅಂಥ ಆದೇಶವನ್ನು ಪಾಲಿಸಲು ನಿರಾಕರಿಸಿದರೆ 51ನೆಯ ಕಲಮಿನನ್ವಯ ಒಂದು ವರ್ಷದವರೆಗೆ, ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಂತೆ ಅಪಾಯಕಾರಿ ಚಾಲನೆಗೆ ಮೊದಲ ಸಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1000ದಿಂದ 5000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಚಾಲಕನ ನಿರ್ಲಕ್ಷ್ಯದಿಂದ ಜೊತೆಯಲ್ಲಿದ್ದವರು ಮೃತಪಟ್ಟರೆ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು.

ಹದಿನೆಂಟು ತುಂಬದ ಮಗನ ಕೈಗೆ ವಾಹನ ಕೊಟ್ಟು ಅವನು ಅಪರಾಧವೆಸಗಿದರೆ, 199ಎ ಕಲಮಿನನ್ವಯ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟು. ಶಾಲಾ ವಾಹನದ ಚಾಲಕರ ಹೊಣೆ ಇನ್ನೂ ಗುರುತರ. ಹಳ್ಳ ಬಂದಾಗ ಮಕ್ಕಳನ್ನು ಶಾಲೆಗೆ ಮರಳಿ ಕರೆದೊಯ್ದ ಚಾಲಕನನ್ನು ತಡವಾಯಿತೆಂದು ಪಾಲಕರು ಗದರಬಾರದು, ಅವನಿಗೆ ಕೈಮುಗಿಯಬೇಕು.

ಇದೇ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಅಪಘಾತದ ಸಂತ್ರಸ್ತರಿಗೆ ಸದುದ್ದೇಶದಿಂದ ನೆರವಾದವರನ್ನು ಕಾಪಾಡುತ್ತದೆ. ಪೊಲೀಸರ ಭಯದಿಂದ ಹಿಂಜರಿಯದೆ ನೆರವಾಗಬಹುದು.

ವಾಹನ ನೀರಿನಲ್ಲಿ ಸಿಲುಕಿದರೆ

ಕಾರು ತೇಲಲಾರಂಭಿಸಿದ ಮೊದಲ ನಿಮಿಷವೇ ಅಮೂಲ್ಯ. ಫೋನು ಮಾಡುತ್ತ ಕೂರದೆ ಕೂಡಲೇ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿಯ ಗಾಜನ್ನು ಇಳಿಸಿರಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯದು, ಕಿಟಕಿಯೇ ದಾರಿ. ನೀರು ಹೊಕ್ಕರೆ ವಿದ್ಯುತ್ತಿನ ಕಿಟಕಿಗಳು ಯಾವ ಕ್ಷಣದಲ್ಲಾದರೂ ಕೆಲಸ ನಿಲ್ಲಿಸಬಹುದು. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಲೋಹದಿಂದ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಸುಲಭಕ್ಕೆ ಒಡೆಯುವುದಿಲ್ಲ. ಮೊದಲು ಮಕ್ಕಳನ್ನು ಹೊರಕ್ಕೆ ದಾಟಿಸಿ, ಆಮೇಲೆ ನೀವು ಬನ್ನಿರಿ. ಸಾಮಾನು, ಹಣ, ಕಾಗದಪತ್ರಗಳಿಗಾಗಿ ಹಿಂದಿರುಗಬೇಡಿರಿ. ಮೋಟಾರ್ ಸೈಕಲ್ ಸೆಳವಿಗೆ ಸಿಕ್ಕರೆ ಅದನ್ನು ಬಿಟ್ಟುಬಿಡಿರಿ. ಅದನ್ನು ಹಿಡಿಯಹೋಗಿ ಜೊತೆಯಲ್ಲಿಯೇ ಹೋಗಬೇಡಿರಿ.

ದಡದಲ್ಲಿರುವವರು ಈಜು ಬಲ್ಲೆವೆಂದು ಧುಮುಕಬಾರದು. ಹಗ್ಗ, ಸೀರೆ, ಉದ್ದನೆಯ ಬಿದಿರುಗಳ, ಗಾಳಿ ತುಂಬಿದ ಟ್ಯೂಬ್, ಮುಚ್ಚಿದ ಖಾಲಿ ಕ್ಯಾನು ಇವುಗಳನ್ನು ಎಸೆದು ಎಳೆಯಬೇಕು. ಆ ಕೂಡಲೇ 112ಕ್ಕೆ ಕರೆ ಮಾಡಬೇಕು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ಆಂಬುಲೆನ್ಸ್ 108.

ಮುಳುಗಿದವರ ಶುಶ್ರೂಷೆ

ನೀರಿನಿಂದ ತೆಗೆದವರ ಹೊಟ್ಟೆಯನ್ನು ಅದುಮಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಹಳೆಯ ರೂಢಿ. ಇದು ಹಾನಿಕರ, ಹೊಟ್ಟೆಯ ನೀರು ಶ್ವಾಸಕೋಶವನ್ನು ಸೇರುತ್ತದೆ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಯಲ್ಲಿನ ಕೆಸರು ತೆಗೆದು, ಗದ್ದವನ್ನು ಮೇಲೆತ್ತಿ, ಮೂಗು ಮುಚ್ಚಿ ಬಾಯಿಂದ ಬಾಯಿಗೆ ಉಸಿರು ಕೊಡಬೇಕು. ಅನಂತರ ಎದೆಯ ನಡುವೆ ಎರಡು ಕೈಗಳನ್ನು ಒಂದರ ಮೇಲೊಂದಿಟ್ಟು, ವಯಸ್ಕರಲ್ಲಿ ಸುಮಾರು 5 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ಗತಿಯಲ್ಲಿ 30 ಬಾರಿ ಒತ್ತಿ, ಎರಡು ಉಸಿರು ಕೊಡಬೇಕು. ಆಂಬುಲೆನ್ಸ್ ಬರುವವರೆಗೆ ಇದನ್ನು ನಿಲ್ಲಿಸಬಾರದು. ಎಚ್ಚರವಾಗಿ ಮಾತನಾಡುತ್ತಿದ್ದರೂ ನೀರು ಕುಡಿದವರನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಕೆಲವು ತಾಸುಗಳ ಮೇಲೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು. ಈ ಹಂತದಲ್ಲಿ ಕಷಾಯ, ಲೇಹ್ಯಗಳಿಗೆ ಸ್ಥಾನವಿಲ್ಲವೆಂಬುದನ್ನು ಆಯುರ್ವೇದ ವೈದ್ಯನಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ.

ನೆರೆನೀರು ತುಳಿದ ಮೇಲೆ

ಕೊಳೆತ ಕೆಸರಿನ ಸಂಪರ್ಕದಿಂದ ಬೆರಳ ಸಂದಿಗಳು ತೇವಗೊಂಡು ತುರಿಕೆ, ಉರಿ, ನೋವು ಬರುವುದನ್ನು ಸುಶ್ರುತಾಚಾರ್ಯರು “ಅಲಸ” ಎಂದು ಕರೆದಿದ್ದಾರೆ. ಇದೇ ನಮ್ಮ ಕೆಸರುಹುಣ್ಣು. ಮನೆ ಸೇರಿದ ಕೂಡಲೇ ಕಾಲುಗಳನ್ನು ಸೋಪಿನಿಂದ ತೊಳೆದು, ಬೇವಿನ ಎಲೆ ಕುದಿಸಿದ ಉಗುರುಬೆಚ್ಚಗಿನ ನೀರಿನಿಂದ ಮತ್ತೆ ತೊಳೆದು, ಬೆರಳ ಸಂದಿಗಳನ್ನು ಪೂರ್ತಿ ಒಣಗಿಸಬೇಕು. ಒದ್ದೆ ಬೂಟನ್ನು ಮರುದಿನ ಹಾಕಬಾರದು. ಮಧುಮೇಹಿಗಳು ಪಾದದ ಚಿಕ್ಕ ಗಾಯವನ್ನೂ ಅಲಕ್ಷಿಸಬಾರದು.

ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಬಿರುಕುಗಳ ಮೂಲಕ ಇಲಿಜ್ವರ ಹರಡುತ್ತದೆ. ನೆರೆನೀರು ತುಳಿದ ಎರಡು ಮೂರು ವಾರಗಳಲ್ಲಿ ತೀವ್ರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ, ನೀರು ತುಳಿದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಬಿಲಗಳಿಗೆ ನೀರು ನುಗ್ಗಿದಾಗ ಹಾವುಗಳು ರಸ್ತೆಗೂ ನಿಲ್ಲಿಸಿದ ವಾಹನದೊಳಗೂ ಬರುತ್ತವೆ. ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ಆ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

“ರೋಗಿಯಿದ್ದರೆ ಏನು ಮಾಡುವುದು?”

ಇದು ನ್ಯಾಯವಾದ ಪ್ರಶ್ನೆ. ಹೆರಿಗೆ ನೋವು, ಎದೆನೋವುಗಳು ಹಳ್ಳ ಇಳಿಯುವವರೆಗೆ ಕಾಯುವುದಿಲ್ಲ. ಆದರೆ ರೋಗಿಯನ್ನು ಕೂರಿಸಿಕೊಂಡು ಪ್ರವಾಹಕ್ಕೆ ಇಳಿದರೆ ಒಂದು ಪ್ರಾಣದ ಜೊತೆಗೆ ನಾಲ್ಕು ಪ್ರಾಣಗಳನ್ನು ಪಣಕ್ಕೊಡ್ಡಿದಂತೆ. ಇದಕ್ಕೆ ಉತ್ತರ ಹಳ್ಳದ ದಡದಲ್ಲಿ ಸಿಗದು. ಮಳೆಗಾಲಕ್ಕೆ ಮೊದಲೇ ಮನೆಯಲ್ಲಿ ಸಿದ್ಧವಾಗಿರಬೇಕು. ಸಂಪರ್ಕ ಕಡಿದುಹೋಗುವ ಊರುಗಳಲ್ಲಿ ದಿನ ತುಂಬುತ್ತಿರುವ ಗರ್ಭಿಣಿಯನ್ನು ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ಪಟ್ಟಣದ ಬಂಧುಗಳ ಮನೆಗೆ ಕಳಿಸಿಕೊಡಿರಿ. ಡಯಾಲಿಸಿಸ್ ಮಾಡಿಸುವವರಿಗೂ ಇದೇ ಸಲಹೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗಗಳ ಔಷಧಿ ಕನಿಷ್ಠ ಹತ್ತು ದಿನಕ್ಕಾಗುವಷ್ಟು ಮನೆಯಲ್ಲಿರಲಿ. ನಮ್ಮ ತಾಲ್ಲೂಕು ಕೇಂದ್ರದ ದಾರಿ ಮುಳುಗಿದ್ದರೆ ನೆರೆಯ ತಾಲ್ಲೂಕಿನ ಆಸ್ಪತ್ರೆಗೆ ಸುರಕ್ಷಿತ ದಾರಿ ಯಾವುದೆಂದು ಮೊದಲೇ ಗುರುತಿಸಿಕೊಂಡಿರಿ. ಅದೂ ಇಲ್ಲದಾಗ 112, 108ಕ್ಕೆ ಕರೆ ಮಾಡಿ, ಆಶಾ ಕಾರ್ಯಕರ್ತೆಯನ್ನು ಕರೆಸಿಕೊಳ್ಳಿರಿ.

ಊರಿನ ಹೊಣೆ

ಹಳ್ಳ ಬಂದಾಗ ಜಾಲಿಮುಳ್ಳು, ಕಲ್ಲುಗಳನ್ನು ಅಡ್ಡವಿಟ್ಟು ರಸ್ತೆ ಮುಚ್ಚುವುದು ಹಳ್ಳಿಗರ ಒಳ್ಳೆಯ ಪದ್ಧತಿ. ಅದನ್ನು ಸರಿಸಿ ದಾಟುವವನು ತನ್ನ ಹಿಂದೆ ಬರುವ ಅಪರಿಚಿತನಿಗೆ ಸಾವಿನ ಬಾಗಿಲನ್ನು ತೆರೆದಿಟ್ಟಂತೆ. ರಾತ್ರಿಯಲ್ಲಿ ಎರಡೂ ದಡಗಳಲ್ಲಿ ದೀಪವಿಟ್ಟು ಇಬ್ಬರು ಕಾಯುವ ವ್ಯವಸ್ಥೆಯಾಗಬೇಕು. ಮುಳುಗುಸೇತುವೆಗಳ ಬಳಿ ಅಡಿಗಳನ್ನು ಗುರುತಿಸಿದ ಅಳತೆಗಂಬ ನೆಡಿಸುವಂತೆ ಗ್ರಾಮಸಭೆಯಲ್ಲಿ ಕೇಳಿರಿ. ಕೋಡಿ ಬಿದ್ದ ಕೆರೆಗೆ ಬಾಗಿನ ಅರ್ಪಿಸುವುದು ಭಕ್ತಿ. ಕೋಡಿಯ ಮೇಲೆ ವಾಹನ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವುದು ಭಕ್ತಿಯಲ್ಲ.

ಕಾಯಕವೇ ಪೂಜೆಯೆಂದು ನಂಬಿದ ಸಮಾಜ ನಮ್ಮದು. ಆ ಕಾಯಕಕ್ಕೆ ಕಾಯವು ಉಳಿಯಬೇಕು. ಹಳ್ಳದ ಆಚೆ ದಡದ ಊರಿನಲ್ಲಿ ಸಿಕ್ಕಿಬಿದ್ದ ದಾರಿಹೋಕನಿಗೆ ಒಂದು ರಾತ್ರಿ ಜಗಲಿಯನ್ನೂ ಒಂದು ಹೊತ್ತಿನ ಮುದ್ದೆಯನ್ನೂ ಕೊಡುವುದು ದಾಸೋಹವಲ್ಲದೆ ಇನ್ನೇನು? ಅಂಥ ಜಗಲಿ ಸಿಗುತ್ತದೆಂಬ ಭರವಸೆಯಿದ್ದರೆ ಯಾರೂ ಆತುರದಲ್ಲಿ ಹೊಳೆಗೆ ಇಳಿಯುವುದಿಲ್ಲ. ನಮ್ಮ ಬಯಲುಸೀಮೆಯ ಹಳ್ಳಗಳು ಬಂದಷ್ಟೇ ಬೇಗ ಇಳಿದೂ ಹೋಗುತ್ತವೆ. ಬಹುತೇಕ ಒಂದು ರಾತ್ರಿ ಕಾದರೆ ಸಾಕು, ಬೆಳಗ್ಗೆ ದಾರಿ ಕಾಣುತ್ತದೆ.